ಅಣ್ಣನ ಸಹಿ, ಭಾವಮೈದುನನ ಟೆಂಡರ್

ಪ್ರಶ್ನೆ: ನನ್ನ ಅಣ್ಣ ಸರ್ಕಾರಿ ಇಲಾಖೆಯೊಂದರ ಮುಖ್ಯಸ್ಥ. ಸೇವೆಗೆ ಸೇರಿದಂದಿನಿಂದ ಯಾರಿಂದಲೂ ಬಿಡಿಗಾಸು ಮುಟ್ಟಿದವನಲ್ಲ. ಈಗ ಅತ್ತಿಗೆಯ ತಮ್ಮನ ಕಂಪನಿ ಅದೇ ಇಲಾಖೆಯ ಉಪಕರಣ ಖರೀದಿಯ ಟೆಂಡರ್ ಹಾಕಲು ಹೊರಟಿದೆ. ಪ್ರಕಟಣೆ ಇನ್ನೂ ಹೊರಬಿದ್ದಿಲ್ಲ. ಅಣ್ಣನನ್ನು ಕೇಳಿದರೆ, "ಅವನಿಗೆ ನಾನು ಯಾವ ರಿಯಾಯಿತಿಯನ್ನೂ ತೋರಿಸುವುದಿಲ್ಲ. ಯಾರ ದರ ಕಡಿಮೆಯೋ ಅವರಿಗೆ ಕೆಲಸ. ನಾನು ಹಿಂದೆ ಸರಿದರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ?" ಎನ್ನುತ್ತಾನೆ. ಇದು ಭ್ರಷ್ಟಾಚಾರವೇ? ಅಲ್ಲವಾದರೆ ನನಗೇಕೆ ಇಷ್ಟು ಕಸಿವಿಸಿ?

ಉತ್ತರ: ನಿಮ್ಮ ಅಣ್ಣನವರು ಪ್ರಾಮಾಣಿಕರು ಎಂದೇ ನಂಬಿ ಉತ್ತರಿಸುತ್ತೇನೆ. ಅವರನ್ನು ಅನುಮಾನಿಸಿ ಮಾತು ಶುರು ಮಾಡಿದರೆ ನಿಮ್ಮ ಪ್ರಶ್ನೆಯ ನಿಜವಾದ ತೊಡಕು ಕೈಗೆ ಸಿಗುವುದಿಲ್ಲ.

ಈ ದಿನದ ಮಟ್ಟಿಗೆ ಇದು ಭ್ರಷ್ಟಾಚಾರವಲ್ಲ. ಇದು ಹಿತಾಸಕ್ತಿ ಸಂಘರ್ಷ, ಅಂದರೆ ತನ್ನ ಅಥವಾ ತನ್ನವರ ಲಾಭವೂ ಹುದ್ದೆಯ ಕರ್ತವ್ಯವೂ ಎದುರುಬದುರಾಗುವುದು. ಭ್ರಷ್ಟಾಚಾರ ಒಬ್ಬರು ಮಾಡುವ ಕೆಲಸ. ಹಿತಾಸಕ್ತಿ ಸಂಘರ್ಷ ಒಬ್ಬರು ಸಿಲುಕಿರುವ ಸ್ಥಿತಿ. ಮದುವೆ, ಹುಟ್ಟು, ಹಳೆಯ ಉದ್ಯೋಗ, ತಂದೆ ಬಿಟ್ಟುಹೋದ ಷೇರು ಇವು ಯಾವ ತಪ್ಪೂ ಮಾಡದ ಮನುಷ್ಯನನ್ನು ಈ ಸ್ಥಿತಿಗೆ ತಂದು ನಿಲ್ಲಿಸಬಹುದು. ಅಲ್ಲಿ ನಿಂತಿರುವುದು ಅಪರಾಧವಲ್ಲ. ನಿಂತಿರುವುದನ್ನು ಮುಚ್ಚಿಟ್ಟು ಕಡತಕ್ಕೆ ಸಹಿ ಹಾಕಿದ ಕ್ಷಣ ಅದು ತಪ್ಪಾಗುತ್ತದೆ. ಭಾವಮೈದುನನ ದರ ನಿಜಕ್ಕೂ ಎಲ್ಲರಿಗಿಂತ ಕಡಿಮೆಯಿದ್ದರೂ ತಪ್ಪೇ. ನಿಮ್ಮ ಕಸಿವಿಸಿಗೆ ಇದೇ ಕಾರಣ, ಮತ್ತು ಅದು ಆರೋಗ್ಯಕರವಾದ ಕಸಿವಿಸಿ.

"ನಾನು ಪ್ರಭಾವಕ್ಕೆ ಒಳಗಾಗುವವನಲ್ಲ" ಎಂಬ ಮಾತಿಗೆ ಕಾನೂನು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಡೈಮ್ಸ್ ಎಂಬ ವ್ಯಕ್ತಿಗೂ ಗ್ರ್ಯಾಂಡ್ ಜಂಕ್ಷನ್ ಕಾಲುವೆ ಕಂಪನಿಗೂ ದೀರ್ಘಕಾಲ ವ್ಯಾಜ್ಯ ನಡೆಯಿತು. ಕಂಪನಿಯ ಪರವಾದ ಆದೇಶಗಳನ್ನು ಎತ್ತಿಹಿಡಿದವರು ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಮ್, ಆ ದೇಶದ ಅತ್ಯುನ್ನತ ನ್ಯಾಯಾಧಿಕಾರಿ. ಅವರ ಬಳಿ ಅದೇ ಕಂಪನಿಯ ಷೇರುಗಳಿದ್ದವು ಎಂಬುದು ಆಮೇಲೆ ಗೊತ್ತಾಯಿತು. 1852ರಲ್ಲಿ, ಆಗ ಅಲ್ಲಿನ ಅಂತಿಮ ಮೇಲ್ಮನವಿ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ಆದೇಶವನ್ನು ರದ್ದು ಮಾಡಿತು. ಆ ಷೇರುಗಳು ಅವರ ತೀರ್ಪನ್ನು ಎಳ್ಳಷ್ಟಾದರೂ ಅಲುಗಿಸಿರಬಹುದು ಎಂದು ಯಾರೂ ಭಾವಿಸುವಂತಿಲ್ಲ ಎಂಬುದನ್ನು ರದ್ದು ಮಾಡಿದವರೇ ಸ್ಪಷ್ಟವಾಗಿ ಹೇಳಿದರು. ಆದರೂ ರದ್ದು ಮಾಡಿದರು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ನಿಯಮವನ್ನು ಒಬ್ಬ ಒಳ್ಳೆಯ ಮನುಷ್ಯನಿಗಾಗಿ ಸಡಿಲಿಸಿದರೆ, ಮುಂದೆ ಬರುವ ಪ್ರತಿಯೊಬ್ಬನೂ ತಾನು ಒಳ್ಳೆಯವನೆಂದು ಹೇಳಿಕೊಳ್ಳುತ್ತಾನೆ. ನಿಮ್ಮ ಅಣ್ಣನವರ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಅದು ಈ ಪ್ರಶ್ನೆಗೆ ಉತ್ತರವಲ್ಲ, ಅಷ್ಟೇ.

ಇನ್ನು ಅವರ ಎರಡನೆಯ ವಾದ: "ಕಡಿಮೆ ದರದವರಿಗೆ ಕೆಲಸ." ಖರೀದಿ ಕಡತಗಳನ್ನು ಪರಿಶೀಲಿಸುತ್ತಲೇ ನನ್ನ ವೃತ್ತಿಜೀವನದ ಬಹುಪಾಲು ಕಳೆದಿದೆ. ಈ ವಾದವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಮನಸಾರೆ ನಂಬಿಯೇ ಹೇಳುತ್ತಾರೆ. ಆದರೆ ದರದ ಲಕೋಟೆ ಒಡೆಯುವುದು ಟೆಂಡರ್ ಎಂಬ ಮನೆಯ ಕೊನೆಯ ಬಾಗಿಲು. ಅದಕ್ಕಿಂತ ಮೊದಲು ಎಷ್ಟೋ ಬಾಗಿಲುಗಳಿವೆ. ಏನನ್ನು ಕೊಳ್ಳಬೇಕು ಎಂದು ನಿರ್ಧರಿಸುವುದು ಒಂದು. ತಾಂತ್ರಿಕ ವಿವರಣೆ ಬರೆಯುವುದು ಇನ್ನೊಂದು. ಭಾಗವಹಿಸುವವರಿಗೆ ಎಷ್ಟು ವರ್ಷದ ಅನುಭವ, ಎಷ್ಟು ವಹಿವಾಟು ಇರಬೇಕು ಎಂಬ ಅರ್ಹತೆಯ ಷರತ್ತು, ಅರ್ಜಿಗೆ ಕೊಡುವ ಗಡುವು, ಇಡೀ ಖರೀದಿಯನ್ನು ಒಂದೇ ಗುತ್ತಿಗೆ ಮಾಡುವುದೋ ತುಂಡು ಮಾಡುವುದೋ ಎಂಬ ತೀರ್ಮಾನ, ಇವೆಲ್ಲ ದರ ತೆರೆಯುವ ಮೊದಲೇ ಮುಗಿದಿರುತ್ತವೆ. ಗುತ್ತಿಗೆ ಕೊಟ್ಟ ಮೇಲೂ ಬಾಗಿಲುಗಳಿವೆ: ಸರಕಿನ ತಪಾಸಣೆ, ಬಿಲ್ ಪಾವತಿ, ಅವಧಿ ವಿಸ್ತರಣೆ, ವಿಳಂಬದ ದಂಡವನ್ನು ಮನ್ನಾ ಮಾಡುವುದು, ಹೆಚ್ಚುವರಿ ಕೆಲಸಕ್ಕೆ ಹೆಚ್ಚುವರಿ ಹಣ. ದರ ಕಡಿಮೆ ನಮೂದಿಸಿ ಗುತ್ತಿಗೆ ಗೆದ್ದು, ಆಮೇಲೆ ಹೆಚ್ಚುವರಿ ಕೆಲಸದ ಹೆಸರಿನಲ್ಲಿ ಲಾಭ ಎತ್ತುವುದು ಖರೀದಿ ಲೋಕದ ಅತ್ಯಂತ ಹಳೆಯ ದಾರಿ.

ಒಂದು ಕಡತ ನನ್ನ ನೆನಪಿನಿಂದ ಹೋಗುವುದೇ ಇಲ್ಲ. ದರಪಟ್ಟಿ ಸರಿಯಾಗಿತ್ತು, ನಡಾವಳಿ ಅಚ್ಚುಕಟ್ಟಾಗಿತ್ತು, ಕಡಿಮೆ ದರದವರಿಗೇ ಕೆಲಸ ಹೋಗಿತ್ತು. ಆದರೆ ಭಾಗವಹಿಸಿದವರು ಇಬ್ಬರೇ. ಏಕೆಂದು ಹಿಂದಕ್ಕೆ ಹುಡುಕುತ್ತ ಹೋದಾಗ ತಾಂತ್ರಿಕ ವಿವರಣೆಯ ಕರಡಿನಲ್ಲಿ ಒಂದು ಅಳತೆ ಕೈಬರಹದಲ್ಲಿ ತಿದ್ದಿರುವುದು ಕಂಡಿತು. ಆ ಅಳತೆಯ ಯಂತ್ರ ತಯಾರಿಸುತ್ತಿದ್ದವರು ಬೆರಳೆಣಿಕೆಯವರು. ತಿದ್ದಿದ ಹಿರಿಯ ಅಧಿಕಾರಿಗೆ ಗೆದ್ದ ಕಂಪನಿಯಲ್ಲಿ ಹತ್ತಿರದ ಬಂಧುವಿದ್ದರು. "ನನಗೆ ಅದೇ ಅಳತೆ ಉತ್ತಮ ಅನ್ನಿಸಿತು" ಎಂದು ಅವರು ವಿವರಣೆ ಕೊಟ್ಟರು. ಅವರು ಸುಳ್ಳು ಹೇಳುತ್ತಿದ್ದರು ಎಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಬಂಧುವಿನ ಮನೆಯಲ್ಲಿ ಆ ಯಂತ್ರದ ಗುಣಗಾನವನ್ನು ಅವರು ಹತ್ತಾರು ಸಲ ಕೇಳಿದ್ದರು. ಅದು ಅವರ ಸ್ವಂತ ಅಭಿಪ್ರಾಯವೇ ಆಗಿಬಿಟ್ಟಿತ್ತು. ಹಿತಾಸಕ್ತಿ ಒಳಗಿನಿಂದ ಕೆಲಸ ಮಾಡುವ ರೀತಿಯೇ ಇದು. ಅದು ಪ್ರಲೋಭನೆಯ ವೇಷದಲ್ಲಿ ಬಂದು ಬಾಗಿಲು ತಟ್ಟುವುದಿಲ್ಲ. ನಮ್ಮದೇ ವಿವೇಚನೆಯ ಧ್ವನಿಯಲ್ಲಿ ಮಾತನಾಡುತ್ತದೆ.

ಸಂಘರ್ಷ ಯಾವಾಗ ಭ್ರಷ್ಟಾಚಾರದ ಗಡಿ ದಾಟುತ್ತದೆ? ನಮ್ಮ ಭಾಷೆಯಲ್ಲಿ ಇದಕ್ಕೆ ಬಹಳ ನಿಖರವಾದ ಪದವಿದೆ: ಮುಲಾಜು. ಲಂಚದಲ್ಲಿ ಕೊಟ್ಟು ತೆಗೆದುಕೊಳ್ಳುವ ಲೆಕ್ಕವಿರುತ್ತದೆ. ಮುಲಾಜಿನಲ್ಲಿ ಲೆಕ್ಕವಿಲ್ಲ, ಋಣ ಮಾತ್ರ ಇರುತ್ತದೆ. ಹಿರಿಯ ಹುದ್ದೆಯವರನ್ನು ಕೊಳ್ಳುವವರು ಹಣದ ಚೀಲ ಹಿಡಿದು ಬರುವುದು ಅಪರೂಪ. ಮಗಳಿಗೆ ಕೆಲಸ, ನಿವೃತ್ತಿಯ ನಂತರ ಒಂದು ಕುರ್ಚಿ, ಕುಟುಂಬದೊಂದಿಗೆ ರಜೆಯ ಆತಿಥ್ಯ, ಹೀಗೆ ಬರುತ್ತಾರೆ.

ಡಾರ್ಲೀನ್ ಡ್ರಯನ್ ಅಮೆರಿಕದ ವಾಯುಪಡೆಯ ಖರೀದಿ ವಿಭಾಗದ ಅತಿ ಹಿರಿಯ ಅಧಿಕಾರಿಗಳಲ್ಲಿ ಒಬ್ಬರಾಗಿದ್ದರು, ಗುತ್ತಿಗೆದಾರರನ್ನು ಗಡಗಡ ನಡುಗಿಸುವವರೆಂದು ಹೆಸರಾಗಿದ್ದರು. ಅವರ ಕೋರಿಕೆಯಂತೆ ಬೋಯಿಂಗ್ ಕಂಪನಿ ಅವರ ಮಗಳಿಗೂ ಭಾವೀ ಅಳಿಯನಿಗೂ ಕೆಲಸ ಕೊಟ್ಟಿತು. ನಿವೃತ್ತರಾದ ಕೆಲವೇ ವಾರಗಳಲ್ಲಿ, 2003ರ ಜನವರಿಯಲ್ಲಿ, ಅವರೂ ಅಲ್ಲೇ ಸೇರಿದರು. ಬೋಯಿಂಗ್‌ನ ವ್ಯವಹಾರಗಳ ಮೇಲ್ವಿಚಾರಣೆಯಲ್ಲಿದ್ದಾಗಲೇ ಅದೇ ಕಂಪನಿಯೊಂದಿಗೆ ತಮ್ಮ ಉದ್ಯೋಗದ ಮಾತುಕತೆ ನಡೆಸಿದ್ದನ್ನು 2004ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಅದರಿಂದ ಸರ್ಕಾರಕ್ಕೆ ಯಾವ ನಷ್ಟವೂ ಆಗಿಲ್ಲ ಎಂದು ಆಗಲೂ ಹೇಳುತ್ತಿದ್ದರು. ಕೊನೆಗೆ ಸತ್ಯ ಹೊರಬಂತು: ಇಂಧನ ತುಂಬುವ ವಿಮಾನಗಳಿಗೆ ತಾವು ಸರಿಯೆಂದು ಭಾವಿಸಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಒಪ್ಪಿದ್ದರು. ಅದನ್ನು ಅವರು ಬೀಳ್ಕೊಡುಗೆಯ ಉಡುಗೊರೆ ಎಂದು ಕರೆದರು. ಸಿ-130 ವಿಮಾನಗಳ ಆಧುನೀಕರಣದ ಗುತ್ತಿಗೆಯಲ್ಲೂ ಮಗಳಿಗೆ, ಅಳಿಯನಿಗೆ ಕೆಲಸ ಕೊಟ್ಟ ಕಂಪನಿಯ ಋಣ ತಮ್ಮ ತೀರ್ಮಾನದ ಮೇಲೆ ಕೆಲಸ ಮಾಡಿತ್ತು ಎಂದು ಒಪ್ಪಿದರು. ಒಂಬತ್ತು ತಿಂಗಳ ಸೆರೆವಾಸವಾಯಿತು. ನೇಮಕಾತಿಯ ಮಾತುಕತೆ ನಡೆಸಿದ್ದ ಬೋಯಿಂಗ್‌ನ ಹಣಕಾಸು ಮುಖ್ಯಸ್ಥರಿಗೂ ಸೆರೆವಾಸವಾಯಿತು. ನನ್ನನ್ನು ಇಲ್ಲಿ ಹೆಚ್ಚು ಕಾಡುವುದು ಅಪರಾಧದ ಗಾತ್ರವಲ್ಲ. ಇಷ್ಟೊಂದು ನಿಷ್ಠುರ ಎನಿಸಿಕೊಂಡವರು ಮಗಳ ಮುಂದೆ ಮೆತ್ತಗಾದರು ಎಂಬುದು.

ಹಾಂಗ್‌ಕಾಂಗ್‌ನ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಾಫೆಲ್ ಹುಯಿ 2005ರಿಂದ 2007ರವರೆಗೆ ಅಲ್ಲಿನ ಸರ್ಕಾರದಲ್ಲಿ ಎರಡನೆಯ ಸ್ಥಾನದ ಮುಖ್ಯ ಕಾರ್ಯದರ್ಶಿ. ಅಧಿಕಾರ ವಹಿಸಿಕೊಳ್ಳುವ ಮುನ್ನಾದಿನಗಳಲ್ಲಿ ದೊಡ್ಡ ಭೂ ಅಭಿವೃದ್ಧಿ ಸಂಸ್ಥೆಯ ಕಡೆಯಿಂದ ಅವರಿಗೆ 85 ಲಕ್ಷ ಹಾಂಗ್‌ಕಾಂಗ್ ಡಾಲರ್ ಹಣ ಸಂದಿತ್ತು. ಅದಕ್ಕೆ ಬದಲಾಗಿ ಅವರು ಇಂಥದ್ದೇ ಕಡತಕ್ಕೆ ಸಹಿ ಹಾಕಿದರು ಎಂದು ತೋರಿಸುವ ಅಗತ್ಯ ಪ್ರಾಸಿಕ್ಯೂಷನ್‌ಗೆ ಬೀಳಲಿಲ್ಲ. ಆ ಸಂಸ್ಥೆಯ ಬಗ್ಗೆ ಮನಸ್ಸಿನಲ್ಲಿ ಒಲವು ಉಳಿಸಿಕೊಂಡಿರುವುದಕ್ಕಾಗಿ ಪಡೆದ ಹಣ ಎಂಬುದೇ ಸಾಕಾಯಿತು. 2014ರಲ್ಲಿ, ಇತರ ಆರೋಪಗಳೂ ಸೇರಿ, ಏಳೂವರೆ ವರ್ಷಗಳ ಶಿಕ್ಷೆಯಾಯಿತು. 2017ರಲ್ಲಿ ಅಲ್ಲಿನ ಅಂತಿಮ ಮೇಲ್ಮನವಿ ನ್ಯಾಯಾಲಯ ಅವರ ಮೇಲ್ಮನವಿಯನ್ನು ವಜಾ ಮಾಡಿತು. "ನಾನು ಯಾರಿಗೂ ಏನೂ ಮಾಡಿಕೊಟ್ಟಿಲ್ಲ" ಎನ್ನುವ ಹಿರಿಯ ಅಧಿಕಾರಿಗಳಿಗೆ ಈ ತೀರ್ಪನ್ನು ಓದಿ ಎಂದು ಹೇಳುತ್ತೇನೆ. ಒಲವೇ ಮಾರಾಟದ ಸರಕಾಗಬಹುದು.

ನಿಮ್ಮ ಅಣ್ಣನವರು ಬಹುಶಃ ಮುಂದೆ ಹೇಳುವುದು: "ಸರಿ, ಸಂಬಂಧವನ್ನು ಬಹಿರಂಗಪಡಿಸುತ್ತೇನೆ. ಆಮೇಲೆ ಕೆಲಸ ಮುಂದುವರಿಸಬಹುದಲ್ಲ?" ಇಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ, ಏಕೆಂದರೆ ಘೋಷಣೆಯೊಂದೇ ಸಾಕು ಎಂಬ ನಂಬಿಕೆ ಎಲ್ಲ ದೇಶಗಳ ಆಡಳಿತದಲ್ಲೂ ಬೇರು ಬಿಟ್ಟಿದೆ. ಅದು ತಪ್ಪು ನಂಬಿಕೆ.

2005ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಾಣ್ಯ ತುಂಬಿದ ಒಂದು ಜಾಡಿ. ಅದರಲ್ಲಿ ಎಷ್ಟು ಹಣವಿದೆ ಎಂದು ಒಬ್ಬರು ದೂರದಿಂದ ಊಹಿಸಬೇಕು. ಜಾಡಿಯನ್ನು ಹತ್ತಿರದಿಂದ ನೋಡಿದ ಸಲಹೆಗಾರ ಅವರಿಗೆ ನೆರವಾಗಬೇಕು. ಊಹೆ ನಿಜಕ್ಕಿಂತ ಮೇಲೆ ಹೋದಷ್ಟೂ ತನಗೆ ಹೆಚ್ಚು ಹಣ ಎಂಬ ಏರ್ಪಾಡು ಸಲಹೆಗಾರನಿಗಿತ್ತು. ಆ ಏರ್ಪಾಡನ್ನು ಮುಂಚೆಯೇ ತಿಳಿಸಿದಾಗ ಏನಾಯಿತು? ಸಲಹೆಗಾರರು ಮೊದಲಿಗಿಂತ ಹೆಚ್ಚು ಉಬ್ಬಿಸಿ ಹೇಳಿದರು. ಹೇಳಿಯಾಗಿದೆಯಲ್ಲ, ಇನ್ನು ಎಚ್ಚರ ವಹಿಸುವುದು ಕೇಳುವವರ ಹೊಣೆ ಎಂಬ ಭಾವ. ಕೇಳಿದವರು ಅದಕ್ಕೆ ತಕ್ಕಷ್ಟು ರಿಯಾಯಿತಿ ಕಳೆಯಲಿಲ್ಲ. ಬಾಯಿಬಿಟ್ಟು ಹೇಳಿದ್ದೇ ಮನಸ್ಸಿನ ಕಾವಲನ್ನು ಸಡಿಲಿಸಿತು.

ಅಮೆರಿಕದ ಕೇಂದ್ರ ಬ್ಯಾಂಕಿನ ಪ್ರಾದೇಶಿಕ ಬ್ಯಾಂಕುಗಳ ಅಧ್ಯಕ್ಷರು ಪ್ರತಿವರ್ಷ ತಮ್ಮ ಹೂಡಿಕೆಗಳನ್ನು ಘೋಷಿಸುತ್ತಲೇ ಇದ್ದರು. 2020ರಲ್ಲಿ, ಸಾಂಕ್ರಾಮಿಕದ ನಡುವೆ ಮಾರುಕಟ್ಟೆಯನ್ನು ಎತ್ತಿಹಿಡಿಯುವ ಬೃಹತ್ ತೀರ್ಮಾನಗಳು ನಡೆಯುತ್ತಿದ್ದಾಗ, ಡಲ್ಲಾಸ್ ಮತ್ತು ಬಾಸ್ಟನ್ ಬ್ಯಾಂಕುಗಳ ಅಧ್ಯಕ್ಷರು ಸ್ವಂತ ಖಾತೆಯಲ್ಲಿ ಕೊಡುಕೊಳ್ಳುವಿಕೆ ನಡೆಸಿದ್ದು ಅದೇ ಘೋಷಣೆಗಳಿಂದ ಮರುವರ್ಷ ತಿಳಿಯಿತು. 2021ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಒಂದೇ ದಿನ ಸ್ಥಾನ ತೊರೆಯುವುದಾಗಿ ಪ್ರಕಟಿಸಿದರು. ಒಬ್ಬರು ಅನಾರೋಗ್ಯದ ಕಾರಣ ನೀಡಿದರು. ಇಬ್ಬರೂ ಕಾನೂನು ಮುರಿದಿಲ್ಲ, ಆದರೆ ಹಿತಾಸಕ್ತಿ ಸಂಘರ್ಷದ ತೋರಿಕೆಗೆ ಎಡೆಮಾಡಿದರು ಎಂದು ತನಿಖೆ ಆಮೇಲೆ ಹೇಳಿತು. ಈಗ ಅಲ್ಲಿನ ಹಿರಿಯ ಅಧಿಕಾರಿಗಳು ಬಿಡಿ ಕಂಪನಿಗಳ ಷೇರು ಕೊಳ್ಳುವಂತಿಲ್ಲ. ಅನುಮತಿಯಿರುವ ಹೂಡಿಕೆಗೂ 45 ದಿನ ಮುಂಚಿತ ಸೂಚನೆ ಕೊಡಬೇಕು, ಕೊಂಡದ್ದನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ವರ್ಷಾನುಗಟ್ಟಲೆ ತುಂಬಿದ ಘೋಷಣಾ ಪತ್ರಗಳು ತಡೆಯಲಾಗದ್ದನ್ನು ಈ ಮೂರು ನಿಯಮಗಳು ತಡೆಯಬಲ್ಲವು.

"ಭಾವಮೈದುನ ನಿಯಮದ ಪಟ್ಟಿಯಲ್ಲೇ ಇಲ್ಲ" ಎಂದೂ ಯಾರಾದರೂ ಸಲಹೆ ಕೊಡಬಹುದು. ಕೆಲವು ಕಾನೂನುಗಳಲ್ಲಿ ಅದು ನಿಜ. ಅಮೆರಿಕದ 1962ರ ದಂಡನಾ ಕಾನೂನು ಸಂಗಾತಿ, ಅಪ್ರಾಪ್ತ ಮಕ್ಕಳು, ವ್ಯವಹಾರದ ಪಾಲುದಾರರು ಇಂಥವರ ಹಣಕಾಸಿನ ಹಿತವನ್ನು ಅಧಿಕಾರಿಯ ಹಿತವೆಂದೇ ಎಣಿಸುತ್ತದೆ, ಭಾವಮೈದುನನನ್ನು ಹೆಸರಿಸುವುದಿಲ್ಲ. ಕೆನಡಾದ ಕಾನೂನು ಬಂಧುಗಳ ಜೊತೆಗೆ ಸ್ನೇಹಿತರನ್ನೂ ಸೇರಿಸುತ್ತದೆ. ಪಟ್ಟಿ ಎಷ್ಟೇ ಉದ್ದವಿರಲಿ, ಅದು ಕನಿಷ್ಠ ಮಿತಿ. ಹಿತಾಸಕ್ತಿ ನಿಜವಾಗಿ ತೂಕ ತಪ್ಪಿಸಿದೆಯೇ ಎಂಬುದರ ಜೊತೆಗೆ, ತಪ್ಪಿಸಿದಂತೆ ಹೊರಗಿನವರಿಗೆ ಕಾಣುತ್ತದೆಯೇ ಎಂಬುದನ್ನೂ ಫ್ರಾನ್ಸಿನ ಕಾನೂನು ಸಂಘರ್ಷದ ವ್ಯಾಖ್ಯೆಯೊಳಗೇ ಇಟ್ಟಿದೆ. ಆ ವ್ಯಾಖ್ಯೆಯನ್ನು ಬರೆದದ್ದು 2013ರಲ್ಲಿ. ತೆರಿಗೆ ವಂಚನೆಯ ವಿರುದ್ಧ ಹೋರಾಡಬೇಕಿದ್ದ ಬಜೆಟ್ ಸಚಿವ ಜೆರೋಮ್ ಕಾಯುಜಾಕ್ ಅವರೇ ವಿದೇಶದಲ್ಲಿ ಗುಪ್ತ ಖಾತೆ ಹೊಂದಿದ್ದು ಬಯಲಾದ ವರ್ಷ ಅದು.

ಹಗರಣವಾದ ಮೇಲೆ ಕಾನೂನು ಬರುವ ಈ ಕ್ರಮ ನೋವಿನದು. ದಕ್ಷಿಣ ಕೊರಿಯದಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿದ್ದ ಕಿಮ್ ಯಂಗ್ ರಾನ್, ಭ್ರಷ್ಟಾಚಾರ ತಡೆ ಆಯೋಗದ ಮುಖ್ಯಸ್ಥರಾಗಿದ್ದಾಗ 2012ರಲ್ಲಿ ಒಂದು ಮಸೂದೆ ಮುಂದಿಟ್ಟರು. ಅದರಲ್ಲಿ ಉಡುಗೊರೆ, ಶಿಫಾರಸುಗಳ ತಡೆಯ ಜೊತೆಗೆ ಹಿತಾಸಕ್ತಿ ಸಂಘರ್ಷದ ತಡೆಯೂ ಇತ್ತು. 2015ರಲ್ಲಿ ಸಂಸತ್ತು ಅಂಗೀಕರಿಸಿದಾಗ ಎರಡನೆಯ ಭಾಗವನ್ನು ಕೈಬಿಟ್ಟಿತು. 2021ರ ಮಾರ್ಚ್‌ನಲ್ಲಿ ಸರ್ಕಾರಿ ಭೂಮಿ ಮತ್ತು ವಸತಿ ನಿಗಮದ ನೌಕರರು ಅಭಿವೃದ್ಧಿ ಯೋಜನೆ ಪ್ರಕಟವಾಗುವ ಮೊದಲೇ ಅಲ್ಲಿನ ಜಮೀನು ಕೊಂಡಿದ್ದರು ಎಂಬ ಆರೋಪ ಹೊರಬಿತ್ತು. ಜನ ಕೆರಳಿದರು. ಆರು ವರ್ಷ ಮೂಲೆಯಲ್ಲಿದ್ದ ಆ ಭಾಗವನ್ನು ಸಂಸತ್ತು ಮರುತಿಂಗಳೇ ಅಂಗೀಕರಿಸಿತು. ಬಂದ ಕಾನೂನೂ ಎಲ್ಲರನ್ನೂ ಮುಟ್ಟುವುದಿಲ್ಲ. ಅಮೆರಿಕದ 1962ರ ಕಾನೂನು ಅಧ್ಯಕ್ಷರಿಗೂ ಉಪಾಧ್ಯಕ್ಷರಿಗೂ ಅನ್ವಯಿಸುವುದಿಲ್ಲ. ಕೆನಡಾದ ಅಂದಿನ ಪ್ರಧಾನಿ ಜಸ್ಟಿನ್ ಟ್ರುಡೊ, ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಅವರ ಖಾಸಗಿ ದ್ವೀಪದಲ್ಲಿ ರಜೆ ಕಳೆದದ್ದು ನಿಯಮಭಂಗ ಎಂದು 2017ರ ಡಿಸೆಂಬರ್‌ನಲ್ಲಿ ಅಲ್ಲಿನ ನೀತಿ ಆಯುಕ್ತರು ವರದಿ ಕೊಟ್ಟರು. ಆ ಉಲ್ಲಂಘನೆಗೆ ದಂಡವನ್ನೇ ಕಾನೂನು ಗೊತ್ತುಮಾಡಿರಲಿಲ್ಲ. ಮೇಲಕ್ಕೆ ಏರಿದಂತೆ ನಿಯಮದ ಹಗ್ಗ ಸಡಿಲವಾಗುತ್ತದೆ, ಏಕೆಂದರೆ ಹಗ್ಗ ಹೊಸೆಯುವವರು ಅಲ್ಲೇ ಕೂತಿರುತ್ತಾರೆ. ಆದ್ದರಿಂದಲೇ ನಿಮ್ಮ ಅಣ್ಣನವರಂಥ ಒಬ್ಬರು ಸ್ವತಃ ತೆಗೆದುಕೊಳ್ಳುವ ತೀರ್ಮಾನಕ್ಕೆ ನಾನು ಇಷ್ಟು ಬೆಲೆ ಕೊಡುತ್ತೇನೆ.

ಈಗ ಅವರು ಮಾಡಬೇಕಾದದ್ದು.

ಮೊದಲು, ಮನೆಯಲ್ಲೇ ಒಂದು ಮಾತು: ಭಾವಮೈದುನ ಈ ಒಂದು ಟೆಂಡರ್‌ನಿಂದ ದೂರ ಉಳಿಯಬಹುದೇ? ಉಳಿದರೆ ವಿಷಯ ಅಲ್ಲಿಗೇ ಮುಗಿಯಿತು. ಅತ್ತಿಗೆಯವರಿಗೆ ಇದು ಕಷ್ಟದ ಮಾತು ಎಂದು ನನಗೆ ಗೊತ್ತು. ಭಾವಮೈದುನ ಒಪ್ಪದಿದ್ದರೆ ಬಲವಂತ ಬೇಡ. ಅವರ ಕಂಪನಿಗೆ ವ್ಯಾಪಾರ ಮಾಡುವ ಹಕ್ಕಿದೆ.

ಆಗ ಅಣ್ಣನವರೇ ಸರಿಯಬೇಕು. ಹೇಗೆ ಸರಿಯಬೇಕು ಎಂಬುದಕ್ಕೆ ಭಾರತದ ಸುಪ್ರೀಂ ಕೋರ್ಟ್ 1969ರಲ್ಲಿ ಕೊಟ್ಟ ಕ್ರೈಪಾಕ್ ಪ್ರಕರಣದ ತೀರ್ಪು ಒಳ್ಳೆಯ ಪಾಠ. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರು. ಅವರು ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಬಂದಾಗ ಕಲಾಪದಿಂದ ಹೊರಗುಳಿದರು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತರು, ಆದ್ಯತಾ ಪಟ್ಟಿ ತಯಾರಿಸುವಾಗಲೂ ಕೂತರು. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಆಯಿತು. ನ್ಯಾಯಾಲಯ ಆಯ್ಕೆಯನ್ನು ರದ್ದು ಮಾಡಿತು. ಅರೆಬರೆ ಸರಿದರೆ ಸರಿದಂತಲ್ಲ. ಭಾವಮೈದುನನ ಅರ್ಜಿಯ ಪರಿಶೀಲನೆಯಿಂದ ಮಾತ್ರ ಸರಿದು, ಉಳಿದವರ ಅರ್ಜಿಗಳನ್ನು ಪರಿಶೀಲಿಸಿದರೆ ಅದೇ ತಪ್ಪು ಮರುಕಳಿಸುತ್ತದೆ. ತಾಂತ್ರಿಕ ವಿವರಣೆಯ ಕರಡಿನಿಂದ ಹಿಡಿದು ಕೊನೆಯ ಬಿಲ್ ಪಾವತಿಯವರೆಗೆ, ಈ ಖರೀದಿಯ ಪೂರ್ತಿ ಕಡತ ಅವರ ಮೇಜಿಗೆ ಬರಬಾರದು. ಅವರ ಕಂಪ್ಯೂಟರಿನಲ್ಲೂ ತೆರೆಯಬಾರದು. ಕರಡಿನಲ್ಲಿ ಈಗಾಗಲೇ ಅವರ ಕೈಯಾಡಿದ್ದರೆ ಅದನ್ನೂ ತಿಳಿಸಿ, ಬೇರೆಯವರಿಂದ ಹೊಸದಾಗಿ ಪರಿಶೀಲನೆ ಕೇಳಬೇಕು.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಮುಖ್ಯಸ್ಥರು ಸರಿದು ಕಡತವನ್ನು ತಮ್ಮ ಕೆಳಗಿನ ಅಧಿಕಾರಿಗೆ ಒಪ್ಪಿಸುತ್ತಾರೆ. ಆ ಅಧಿಕಾರಿಯ ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವವರು ಯಾರು? ಅದೇ ಮುಖ್ಯಸ್ಥರು. ಅರ್ಜಿದಾರ ಯಾರ ಭಾವಮೈದುನ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಮುಖ್ಯಸ್ಥರು ಒಂದು ಮಾತೂ ಆಡಬೇಕಿಲ್ಲ, ಮುಲಾಜು ತಾನಾಗಿಯೇ ಕೆಲಸ ಮಾಡುತ್ತದೆ. ಕಡತ ಮೇಲಿನವರಿಗೆ ಹೋಗಬೇಕು, ಇಲ್ಲವೇ ಅವರ ಅಧೀನದಲ್ಲಿಲ್ಲದ ಇನ್ನೊಂದು ಕಚೇರಿಗೆ ಹೋಗಬೇಕು. ಹಾಗೆಂದು ಅವರು ಬರಹದಲ್ಲೇ ಕೇಳಬೇಕು.

ಸರಿಯುವುದು ತಪ್ಪೊಪ್ಪಿಗೆಯಲ್ಲವೇ ಎಂಬ ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಕಡತ ಏನು ಹೇಳುತ್ತದೆ ಎಂದು ಯೋಚಿಸಲಿ. ಇಂದು ದಿನಾಂಕ ಹಾಕಿ ಬರೆದ ಪತ್ರ ಇಷ್ಟೇ ಹೇಳುತ್ತದೆ: ಪ್ರಕಟಣೆಗೆ ಮೊದಲೇ ಸಂಬಂಧ ತಿಳಿಸಿದರು, ಹೊರಗುಳಿದರು. ಸುಮ್ಮನಿದ್ದು ಮೂರು ವರ್ಷದ ನಂತರ, ಸೋತ ಕಂಪನಿಯೊಂದರ ದೂರಿನ ಮೇಲೆ ವಿವರಣೆ ಬರೆಯಬೇಕಾಗಿ ಬಂದರೆ, ಅದೇ ವಾಕ್ಯಗಳನ್ನು ಆಗ ಯಾರೂ ನಂಬುವುದಿಲ್ಲ. ಭಾವಮೈದುನ ತನ್ನ ಯೋಗ್ಯತೆಯಿಂದಲೇ ಗೆದ್ದಿದ್ದರೂ ಅವನ ಗೆಲುವಿಗೆ ಕಳಂಕ ಅಂಟುತ್ತದೆ.

ಪತ್ರ ದೊಡ್ಡದಾಗಿರಬೇಕಿಲ್ಲ. "ಈ ಖರೀದಿಯಲ್ಲಿ ಭಾಗವಹಿಸಲಿರುವ ಕಂಪನಿಯ ಮಾಲೀಕರು ನನ್ನ ಪತ್ನಿಯ ಸಹೋದರ. ಈ ಖರೀದಿಯ ಯಾವ ಹಂತದಲ್ಲೂ ನಾನು ಪಾಲ್ಗೊಳ್ಳುವುದಿಲ್ಲ. ಇದರ ಸಂಪೂರ್ಣ ಹೊಣೆಯನ್ನು ನನ್ನ ಅಧೀನದಲ್ಲಿಲ್ಲದ ಅಧಿಕಾರಿಗೆ ವಹಿಸಬೇಕೆಂದು ಕೋರುತ್ತೇನೆ." ಇಷ್ಟು ಸಾಕು. ಮೇಲಧಿಕಾರಿಗೆ ಬಾಯಿಮಾತಿನಲ್ಲಿ ಹೇಳಿ ಮುಗಿಸುವುದು ಬೇಡ, ಫೋನಿನಲ್ಲೂ ಬೇಡ. ಟೆಂಡರ್ ಪ್ರಕಟಣೆ ಹೊರಬೀಳುವ ಮೊದಲೇ ಪತ್ರ ತಲುಪಲಿ, ಒಂದು ಪ್ರತಿ ಖರೀದಿಯ ಕಡತದಲ್ಲೇ ಸೇರಲಿ, ಸ್ವೀಕೃತಿಯ ಮುದ್ರೆ ಬಿದ್ದ ಇನ್ನೊಂದು ಪ್ರತಿಯನ್ನು ಅಣ್ಣನವರು ತಮ್ಮ ಬಳಿ ಇಟ್ಟುಕೊಳ್ಳಲಿ.